ಗುರ್ ಅಂದಿದ್ದಕ್ಕೆ ಹೊಡೆಯಬೇಡಿ

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ತೋಟದ ಮನೆ. ಬೇಸಿಗೆ ರಜೆಗೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಆರು ಜನ ಮೊಮ್ಮಕ್ಕಳು ಬರುತ್ತಾರೆ. ದೊಡ್ಡವನಿಗೆ ಹನ್ನೊಂದು, ಚಿಕ್ಕವಳಿಗೆ ಮೂರೂವರೆ. ನಮ್ಮ ನಾಯಿ ರಾಜು ಲ್ಯಾಬ್ರಡಾರ್-ನಾಟಿ ಬೆರಕೆ, ಒಂಬತ್ತು ವರ್ಷದವನು. ಇಷ್ಟು ವರ್ಷದಲ್ಲಿ ಯಾರನ್ನೂ ಕಚ್ಚಿಲ್ಲ. ಕಳೆದ ದೀಪಾವಳಿಗೆ ಚಿಕ್ಕವಳು ಅವನ ಕಿವಿ ಹಿಡಿದು ತಬ್ಬಿಕೊಂಡಾಗ ಗುರ್ ಅಂದ. ನಮ್ಮ ಯಜಮಾನರು ಕೋಲು ತಗೊಂಡು ನಾಲ್ಕು ಬಾರಿಸಿದರು. ಆಮೇಲೆ ಅವನು ಗುರ್ ಅಂದೇ ಇಲ್ಲ. ಆದರೂ ಸೊಸೆ, 'ಆ ನಾಯಿ ಇರೋ ತನಕ ಮಗೂನ ಕರ್ಕೊಂಡು ಬರಲ್ಲ' ಅನ್ನುತ್ತಿದ್ದಾಳೆ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕಾ?

ಉತ್ತರ: ಕೊಡಬೇಡಿ. ಆದರೆ ನಿಮ್ಮ ಸೊಸೆ ಹೆದರಿದ್ದರಲ್ಲಿ ತಪ್ಪಿಲ್ಲ, ಅದನ್ನು ಮೊದಲು ಅವರಿಗೆ ಹೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ರಾಜು ಗುರ್ ಅಂದದ್ದಲ್ಲ. 'ಆಮೇಲೆ ಗುರ್ ಅಂದೇ ಇಲ್ಲ' ಅನ್ನುವ ಸಾಲು. ಗುರ್ ಅನ್ನುವುದು ನಾಯಿಯ ಮಾತು. 'ನನಗೆ ಇದು ಆಗ್ತಿಲ್ಲ, ದೂರ ಹೋಗು' ಅಂತ ಅದು ಬಾಯಿಬಿಟ್ಟು ಹೇಳುವುದು ಹಾಗೆ. ಹೇಳಿದ್ದಕ್ಕೆ ಏಟು ಬಿದ್ದರೆ ಹೇಳುವುದನ್ನು ಬಿಡುತ್ತದೆ. ನೋವು ಹೋಗಿರುವುದಿಲ್ಲ, ಭಯ ಹೋಗಿರುವುದಿಲ್ಲ, ಎಚ್ಚರಿಕೆ ಮಾತ್ರ ಹೋಗಿರುತ್ತದೆ. ಅಂಥ ನಾಯಿ ಮುಂದಿನ ಸಲ ನೇರವಾಗಿ ಬಾಯಿ ಹಾಕಬಹುದು. ಯಜಮಾನರಿಗೆ ಇದನ್ನು ಸಮಾಧಾನವಾಗಿ ತಿಳಿಸಿ. ಮಗುವಿನ ಮೇಲಿನ ಪ್ರೀತಿಯಿಂದಲೇ ಹೊಡೆದಿರುತ್ತಾರೆ, ನನಗೆ ಗೊತ್ತು.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಾನು ಪಶುವೈದ್ಯೆಯಾಗಿ ಹತ್ತು ವರ್ಷವಾಗಿತ್ತು. ರಜೆಗೆ ಅಮ್ಮನ ಮನೆಗೆ ಹೋಗಿದ್ದೆ. ತಮ್ಮನೂ ಬಂದಿದ್ದ, ನಾಲ್ಕು ವರ್ಷದ ಮಗನ ಜೊತೆ. ಮನೆಯಲ್ಲಿ ಕರಿಯ ಅಂತ ನಾಟಿ ನಾಯಿ. ತುಂಬ ಸಾಧು. ಆ ದಿನ ಬೆಳಿಗ್ಗೆ ನಾದಿನಿ 'ನಾಯಿ ಏನೂ ಮಾಡಲ್ಲ ಅಲ್ವಾ?' ಅಂತ ಕೇಳಿದ್ದಳು. 'ಕರಿಯನಾ? ಅವನು ಏನೂ ಮಾಡಲ್ಲ' ಅಂದವಳು ನಾನೇ.

ಮಧ್ಯಾಹ್ನ ಅಮ್ಮ ಹಿಂದಿನ ಜಗಲಿಯಲ್ಲಿ ಕಾಯಿ ತುರಿಯುತ್ತಾ ಕೂತಿದ್ದರು. ತುರಿದಾದ ಒಂದು ಗರಟೆಯನ್ನು ಕರಿಯನಿಗೆ ಹಾಕಿದರು. ಅವನಿಗೆ ಅದು ದಿನಾ ಸಿಗುತ್ತಿದ್ದದ್ದೇ. ಎರಡು ಕಾಲಿನ ನಡುವೆ ಇಟ್ಟುಕೊಂಡು, ಒಳಗೆ ಅಂಟಿದ್ದ ಕಾಯಿಯನ್ನು ಹಲ್ಲಿನಿಂದ ಕೆರೆದು ತಿನ್ನುತ್ತಿದ್ದ. ಮಗು ಹತ್ತಿರ ಹೋಗಿ ಕೂತಿತು. ಕರಿಯ ಕೆರೆಯುವುದನ್ನು ನಿಲ್ಲಿಸಿದ. ಗರಟೆಯ ಮೇಲೆ ತಲೆ ತಗ್ಗಿಸಿದ. ಒಂದು ಸಲ ತುಟಿ ನೆಕ್ಕಿಕೊಂಡ. ಮುಖವನ್ನು ಗೋಡೆ ಕಡೆ ತಿರುಗಿಸಿದ, ಕಣ್ಣು ಮಾತ್ರ ಮಗುವಿನ ಕಡೆಗೇ ಇತ್ತು, ಕಣ್ಣಿನ ಬಿಳಿ ಅಂಚು ಕಾಣುತ್ತಿತ್ತು. ಬಾಲ, ಬೆನ್ನು, ಎಲ್ಲ ಕಲ್ಲಿನ ಹಾಗೆ. ಮಗು ಗರಟೆಗೆ ಕೈ ಹಾಕಿತು.

ಇಷ್ಟನ್ನೂ ಆಮೇಲೆ ಅಮ್ಮ ನನಗೆ ಹೇಳಿದ್ದು. ಅವರು ಎಲ್ಲ ನೋಡಿದ್ದರು. 'ನಾಲಿಗೆ ಆಡಿಸಿದ, ಮುದ್ದು ಮಾಡ್ತಾನೆ ಅಂದ್ಕೊಂಡೆ ಕಣೇ' ಅಂದರು. ನಾನು ಅಡುಗೆ ಮನೆಯಲ್ಲಿದ್ದೆ, ಹತ್ತು ಹೆಜ್ಜೆ ದೂರ. ಕಿರುಚಿದ್ದು ಕೇಳಿ ಓಡಿ ಬರುವಷ್ಟರಲ್ಲಿ ಆಗಿಹೋಗಿತ್ತು. ಹುಡುಗನಿಗೆ ಈಗ ಮದುವೆಯಾಗಿದೆ. ಬಲಗಣ್ಣಿನ ಕೆಳಗೆ ಆ ಗೆರೆ ಇನ್ನೂ ಇದೆ. ಅವನು ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಕರಿಯ ಕಚ್ಚುವ ಮೊದಲು ಐದಾರು ಸಲ ಹೇಳಿದ್ದ. ನಮಗೆ ಕೇಳಿಸಲಿಲ್ಲ. ಹಾಗಾಗಿ ಮಕ್ಕಳು ಬರುವ ಮೊದಲು ಮನೆಯ ದೊಡ್ಡವರೆಲ್ಲ ಈ ಭಾಷೆ ಕಲಿಯಬೇಕು. ತಿಂಡಿ ಕಾಣದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಕಿವಿ ಹಿಂದಕ್ಕೆ ಒತ್ತಿಕೊಳ್ಳುವುದು, ಬಾಲ ಕಾಲಿನ ಸಂದಿಗೆ ಸೇರಿಸುವುದು, ಎದ್ದು ಬೇರೆ ಕಡೆ ಹೋಗುವುದು. ಇವೆಲ್ಲ 'ಸಾಕು' ಅನ್ನುವ ಮಾತೇ. ಮೈ ಸೆಟೆದು ಅಲುಗಾಡದೆ ನಿಂತಿತು ಅಂದರೆ ಮಾತು ಮುಗಿಯಿತು ಅಂತ ಅರ್ಥ. ಬಾಲ ಅಲ್ಲಾಡಿಸುತ್ತಿದೆ, ಖುಷಿಯಾಗಿದೆ ಅಂತಲೂ ನಂಬಬೇಡಿ. ಮೈಯೆಲ್ಲ ಸಡಿಲವಾಗಿ, ಸೊಂಟವೂ ಬಾಲದ ಜೊತೆ ಆಡುತ್ತಿದ್ದರೆ ಅದು ಖುಷಿ. ಮೈ ಬಿಗಿಯಾಗಿದ್ದು ಬಾಲದ ತುದಿ ಮಾತ್ರ ಆಡುತ್ತಿದ್ದರೆ ಅಲ್ಲ.

ಈಗ ನಿಮ್ಮ ರಾಜುವಿನ ವಿಷಯ. ಕಿವಿ ಹಿಡಿದಾಗ ಗುರ್ ಅಂದ ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ಅವನ ಕಿವಿ ಮೇಲೆತ್ತಿ ಮೂಸಿ ನೋಡಿ. ಕೆಟ್ಟ ವಾಸನೆ, ಕಂದು ಬಣ್ಣದ ಗುಗ್ಗೆ, ಒಳಗೆ ಕೆಂಪು, ಇದ್ದರೆ ಕಿವಿ ಸೋಂಕು. ಜೋಲು ಕಿವಿಯ ನಾಯಿಗಳಿಗೆ, ಅದರಲ್ಲೂ ನಮ್ಮ ಮಲೆನಾಡಿನ ತೇವಕ್ಕೆ, ಇದು ಬಹಳ ಮಾಮೂಲು. ತುಂಬ ನೋಯುತ್ತದೆ. ಒಂಬತ್ತು ವರ್ಷ ಅಂದರೆ ಸೊಂಟದ ಕೀಲು, ಮಂಡಿ ನೋವೂ ಇರಬಹುದು. ಮೆಟ್ಟಿಲು ಹತ್ತುವಾಗ ತಡವರಿಸುತ್ತಾನಾ, ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಾನಾ ನೋಡಿ. ಮಕ್ಕಳು ಬರುವುದಕ್ಕೆ ಎರಡು ಮೂರು ವಾರ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ರೇಬೀಸ್ ಲಸಿಕೆಯ ವರ್ಷ ಮುಗಿದಿದ್ದರೆ ಹಾಕಿಸಿ, ಜಂತುಹುಳದ ಮಾತ್ರೆ ಕೊಡಿಸಿ. ಎಷ್ಟೋ 'ಸಿಟ್ಟಿನ ನಾಯಿ'ಗಳು ನನ್ನ ಮೇಜಿನ ಮೇಲೆ ಬಂದಾಗ ನೋವಿನ ನಾಯಿಗಳಾಗಿದ್ದವು.

ಆಮೇಲೆ ಜಾಗ. ನೆಂಟರು ಬಂದಾಗ ನಮ್ಮ ಕಡೆ ನಾಯಿಯನ್ನು ಜಗಲಿಯ ಕಂಬಕ್ಕೆ ಕಟ್ಟುತ್ತೇವೆ. ಇದು ಒಳ್ಳೆಯದಲ್ಲ. ಜಗಲಿ ಅಂದರೆ ಎಲ್ಲರೂ ಓಡಾಡುವ ದಾರಿ. ಕಟ್ಟಿದ ನಾಯಿಗೆ ದೂರ ಹೋಗುವ ಉಪಾಯ ಇರುವುದಿಲ್ಲ. ಮಕ್ಕಳು ಸರಪಳಿಯ ಅಳತೆ ನೋಡಿ ಆಟ ಆಡುವುದಿಲ್ಲ, ಚೆಂಡು ಹೋದಲ್ಲಿ ಅವರೂ ಹೋಗುತ್ತಾರೆ. ರಾಜುವಿಗೆ ಬಾಗಿಲು ಇರುವ ಒಂದು ಕೋಣೆ ಬೇಕು. ಹಿಂದಿನ ಉಗ್ರಾಣವೋ, ಹಳೆಯ ಬಚ್ಚಲು ಕೊಟ್ಟಿಗೆಯೋ, ಯಾವುದಾದರೂ ಆಗುತ್ತದೆ. ತಗಡಿನ ಮಾಡು ಮಾತ್ರ ಬೇಡ, ಏಪ್ರಿಲ್ ಬಿಸಿಲಿಗೆ ಒಳಗೆ ಬೆಂದುಹೋಗುತ್ತಾನೆ. ನೀರು, ಅವನ ಹಳೆಯ ಗೋಣಿ, ನಿಮ್ಮದೊಂದು ಹಳೆ ಸೀರೆ ಹಾಕಿ. ಮಕ್ಕಳು ಬರುವ ಮೊದಲಿಂದಲೇ ದಿನಾ ಮಧ್ಯಾಹ್ನ ಅಲ್ಲೇ ಊಟ ಹಾಕಿ, ಅಲ್ಲೇ ಮಲಗುವ ಅಭ್ಯಾಸ ಮಾಡಿಸಿ. ಆಗ ಅದು ಅವನಿಗೆ ಶಿಕ್ಷೆಯಲ್ಲ, ಅವನ ಮನೆ. ದೊಡ್ಡ ನಾಯಿಗೆ ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ನಿದ್ದೆ ಬೇಕು. ಆರು ಮಕ್ಕಳ ಗಲಾಟೆಯಲ್ಲಿ ಅದು ಸಿಗುವುದಿಲ್ಲ, ನಿದ್ದೆಗೆಟ್ಟ ನಾಯಿಗೆ ತಾಳ್ಮೆ ಇರುವುದಿಲ್ಲ.

ಕೋಣೆಗೆ ಹೊರಗಿನಿಂದ ಮೇಲಿನ ಚಿಲಕ ಇರಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ರಾಜು ಹೊರಗಿರುವಾಗ ಒಬ್ಬ ದೊಡ್ಡವರು ಜವಾಬ್ದಾರಿ ತಗೊಳ್ಳಬೇಕು, ಹೆಸರು ಹಿಡಿದು. 'ಎಲ್ಲರೂ ನೋಡ್ಕೋತೀವಿ' ಅಂದರೆ ಯಾರೂ ನೋಡುವುದಿಲ್ಲ. ನೋಡಿಕೊಳ್ಳುವುದು ಅಂದರೆ ಮೊಬೈಲ್ ಹಿಡಿದು ಅಲ್ಲೇ ಕೂತಿರುವುದೂ ಅಲ್ಲ. ಕೈ ಚಾಚಿದರೆ ಮಗು ಸಿಗಬೇಕು. ಮೂರೂವರೆ ವರ್ಷದವಳ ವಿಷಯದಲ್ಲಿ ಇದಕ್ಕೆ ರಿಯಾಯಿತಿ ಇಲ್ಲ. ಅವಳ ಮುಖ ಇರುವುದು ನಾಯಿಯ ಬಾಯಿಯ ಎತ್ತರದಲ್ಲಿ. ಸಣ್ಣ ಮಕ್ಕಳಿಗೆ ಗಾಯವಾಗುವುದು ಮುಖಕ್ಕೆ, ಕತ್ತಿಗೆ. ಅಷ್ಟೊಂದು ಎಚ್ಚರ ಇವತ್ತು ನಮ್ಮಿಂದ ಆಗಲ್ಲ ಅನಿಸಿದ ದಿನ ಬಾಗಿಲು ಹಾಕಿಬಿಡಿ. ಬಾಗಿಲು ಹಾಕಿದ್ದಕ್ಕೆ ನಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳಿಗೆ ಬಂದ ದಿನವೇ, ಬ್ಯಾಗ್ ಇಳಿಸಿದ ಕೂಡಲೇ ಹೇಳಿ. ರಾಜು ಊಟ ಮಾಡುವಾಗ, ಮಲಗಿದಾಗ, ಬಾಯಲ್ಲಿ ಏನಾದರೂ ಇರುವಾಗ ಹತ್ತಿರ ಹೋಗುವ ಹಾಗಿಲ್ಲ. ತಬ್ಬಿಕೊಳ್ಳುವ ಹಾಗಿಲ್ಲ, ಮುತ್ತು ಕೊಡುವ ಹಾಗಿಲ್ಲ. ನಾವು ಕರೆದಾಗ ಅವನು ತಾನಾಗಿ ಬಂದರೆ ಮಾತ್ರ ಎದೆ, ಭುಜ ಸವರಬಹುದು, ತಲೆಯ ಮೇಲಿನಿಂದ ಕೈ ತರಬಾರದು. ಮೂರು ಸಲ ಸವರಿ ಕೈ ತೆಗೆಯಬೇಕು. ಅವನು ಮೂಗಿನಿಂದ ಕೈ ನೂಕಿದರೆ ಇನ್ನೂ ಬೇಕು ಅಂತ. ಸುಮ್ನೆ ಇದ್ದರೆ, ಹೊರಟರೆ, ಸಾಕು ಅಂತ. ಹನ್ನೊಂದು ವರ್ಷದ ಹುಡುಗನಿಗೆ ನಾಯಿಯ ಮುಖ ಓದುವುದನ್ನು ಹೇಳಿಕೊಡಿ. ಅವನು ನಿಮಗಿಂತ ಬೇಗ ಕಲಿಯುತ್ತಾನೆ, ತಂಗಿಯರಿಗೂ ಕಲಿಸುತ್ತಾನೆ. ಮೂರೂವರೆ ವರ್ಷದವಳಿಗೆ ಎಷ್ಟು ಹೇಳಿದರೂ ಐದು ನಿಮಿಷಕ್ಕೆ ಮರೆಯುತ್ತದೆ. ಅವಳು ಕಲಿತಳು ಅಂತ ನಂಬಿ ನೀವು ಕಣ್ಣು ತೆಗೆಯಬೇಡಿ.

ಸೊಸೆಗೆ ಫೋನ್ ಮಾಡಿ ಈ ಏರ್ಪಾಡನ್ನೆಲ್ಲ ಹೇಳಿ. 'ಬಾರಮ್ಮಾ, ಏನೂ ಆಗಲ್ಲ' ಅನ್ನಬೇಡಿ. 'ಕೋಣೆಗೆ ಚಿಲಕ ಹಾಕಿಸಿದೀನಿ, ಕಿವಿಗೆ ಔಷಧಿ ಆಗಿದೆ, ಪಾಪು ಎಚ್ಚರವಾಗಿರುವಾಗ ನಾನೇ ಜೊತೆಗಿರ್ತೀನಿ' ಅನ್ನಿ.

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷದ ಮುಧೋಳ ನಾಯಿ ಇದೆ. ಹೊಲಕ್ಕೆ ಕಾವಲು. ಮನೆಯವರ ಜೊತೆ ಬಹಳ ಶಾಂತ. ಅಕ್ಕನ ಮಕ್ಕಳು ಬಂದು ಅಂಗಳದಲ್ಲಿ ಮುಟ್ಟಾಟ ಆಡಿದರೆ ಬೆನ್ನಟ್ಟಿ ಅಂಗಿ ಹಿಡಿಯುತ್ತದೆ. ಇದು ಆಟವಾ, ಸಿಟ್ಟಾ? (ಜಮಖಂಡಿ)

ಉತ್ತರ: ಎರಡೂ ಅಲ್ಲ. ಅದು ಆ ತಳಿಯ ಹುಟ್ಟುಗುಣ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲ ಓಡಿದ್ದು ಕಂಡರೆ ಸಾಕು, ಮೂಸುತ್ತಾ ಕೂರುವುದಿಲ್ಲ, ಬಾಣದ ಹಾಗೆ ಹೋಗುತ್ತದೆ. ಆ ಉದ್ದ ಕಾಲು, ಆಳದ ಎದೆ, ಸಣ್ಣ ಸೊಂಟ ಎಲ್ಲ ಓಟಕ್ಕೇ ಆದದ್ದು. ನಿಮ್ಮ ಜಿಲ್ಲೆಯ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ನಮ್ಮ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಾಯಿ ಇದು. ನನಗೆ ಬಹಳ ಇಷ್ಟ. ಇಷ್ಟ ಇರುವುದರಿಂದಲೇ ಹೇಳುತ್ತಿದ್ದೇನೆ: ಕಿರುಚುತ್ತಾ ಓಡುವ ಮಕ್ಕಳ ನಡುವೆ ಇದನ್ನು ಬಿಡಬೇಡಿ. ಇವತ್ತು ಅಂಗಿ, ನಾಳೆ ತೋಳು. ಬೇರೆಯವರು ಥಟ್ಟನೆ ಮೈ ಮುಟ್ಟುವುದೂ ಇದಕ್ಕೆ ಆಗಿಬರುವುದಿಲ್ಲ.

ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲದಲ್ಲಿ ಚೆನ್ನಾಗಿ ಓಡಿಸಿ. ಸಂಜೆ ಮಕ್ಕಳ ಆಟದ ಹೊತ್ತಿಗೆ ಒಳಗೆ ಹಾಕಿ. ಮಕ್ಕಳಿಗೆ ಒಂದು ಆಟ ಕಲಿಸಿ. 'ಮರ' ಅಂದ ಕೂಡಲೇ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಕೈ ಕಟ್ಟಿ, ಪಾದ ನೋಡುತ್ತಾ, ಸದ್ದಿಲ್ಲದೆ. ನಾಯಿ ಮೂಸಿಕೊಂಡು ಹೋಗುತ್ತದೆ, ಅಲುಗಾಡದ್ದರ ಮೇಲೆ ಅದಕ್ಕೆ ಆಸಕ್ತಿ ಇರುವುದಿಲ್ಲ. ಕೆಳಗೆ ಬಿದ್ದರೆ 'ಕಲ್ಲು'. ಮಂಡಿ ಎದೆಗೆ ಸೇರಿಸಿ, ಮುಖ ಒಳಗೆ ಹಾಕಿ, ಬೆರಳು ಹೆಣೆದು ಕತ್ತಿನ ಹಿಂದೆ ಇಟ್ಟುಕೊಂಡು ಮುದುರಿಕೊಳ್ಳಬೇಕು. ನಾಯಿ ಇಲ್ಲದಾಗ ಅಂಗಳದಲ್ಲಿ ದಿನಾ ಹತ್ತು ಸಲ ಆಡಿಸಿ. ಭಯವಾದಾಗ ತಲೆ ಓಡುವುದಿಲ್ಲ, ಮೈಗೆ ರೂಢಿಯಾಗಿರಬೇಕು. ಬೀದಿ ನಾಯಿ ಎದುರಾದಾಗಲೂ ಇದೇ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನೆಂಟರ ಮಕ್ಕಳು ಇರುವ ನಾಲ್ಕು ದಿನ ನಾಯಿಯ ಬಾಯಿಗೆ ಕುಕ್ಕೆ ಹಾಕಿಟ್ಟರೆ ಸಾಕಲ್ಲವೇ? (ಮೈಸೂರು)

ಉತ್ತರ: ಸಾಲದು. ದಿನವಿಡೀ ಹಾಕುವ ವಸ್ತು ಅದಲ್ಲ. ಅಂಗಡಿಯಲ್ಲಿ ಸಿಗುವ ಬಟ್ಟೆಯ ಪಟ್ಟಿಯಂಥದ್ದು ಬಾಯಿಯನ್ನು ಮುಚ್ಚಿಬಿಡುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯಿ ತೆರೆದು ಏದುಸಿರು ಬಿಟ್ಟು. ಬೇಸಿಗೆಯಲ್ಲಿ ಅದನ್ನು ಕಟ್ಟಿದರೆ ಜೀವಕ್ಕೇ ಅಪಾಯ. ಬುಟ್ಟಿಯ ಹಾಗಿರುವ ಕುಕ್ಕೆಯಲ್ಲಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು. ಅದನ್ನೂ ವಾರಗಟ್ಟಲೆ ಅಭ್ಯಾಸ ಮಾಡಿಸಿ, ಸ್ವಲ್ಪ ಹೊತ್ತು ಮಾತ್ರ ಹಾಕಬೇಕು. ಬಾಗಿಲು ಹಾಕುವುದು ಇದಕ್ಕಿಂತ ಸುಲಭ.

ಪ್ರಶ್ನೆ: ಹಬ್ಬಕ್ಕೆ ಬಂದಿದ್ದ ನೆಂಟರ ಹುಡುಗನಿಗೆ ನಮ್ಮ ನಾಯಿ ಹಲ್ಲು ತಾಗಿಸಿತು. ಸ್ವಲ್ಪ ತರಚಿದೆ, ರಕ್ತ ಬಂದಿಲ್ಲ. ಅತ್ತೆ ಅರಿಶಿನ, ಸುಣ್ಣ ಹಚ್ಚಿದರು. ನಾಯಿಗೆ ಲಸಿಕೆ ಆಗಿದೆ, ಹಾಗಾಗಿ ಆಸ್ಪತ್ರೆಗೆ ಹೋಗಲಿಲ್ಲ. ಇದಾಗಿ ಮೂರು ದಿನವಾಯಿತು. ಏನೂ ತೊಂದರೆ ಇಲ್ಲ ಅಲ್ವಾ? (ತುಮಕೂರು)

ಉತ್ತರ: ನಿಮ್ಮ ಇಮೇಲ್ ಓದಿದ ಕೂಡಲೇ ಉತ್ತರ ಕಳಿಸಿದ್ದೇನೆ, ಪತ್ರಿಕೆ ಬರುವ ತನಕ ಕಾದಿಲ್ಲ. ಬೇರೆಯವರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಹಲ್ಲು ತಾಗಿ ಚರ್ಮ ತರಚಿದ್ದರೆ, ರಕ್ತ ಬರದಿದ್ದರೂ, ರೇಬೀಸ್ ಲಸಿಕೆ ಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಲಕ್ಷಣ ಬರುವ ಮೊದಲು ಸರಿಯಾಗಿ ಚಿಕಿತ್ಸೆ ತಗೊಂಡರೆ ತಡೆಯಬಹುದು. ನಾಯಿಗೆ ಲಸಿಕೆ ಆಗಿದೆ, ಮಗುವಿಗೆ ಬೇಡ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು. ಅದು ವೈದ್ಯರು ನೋಡಿ ಹೇಳುವ ಮಾತು. ನಾಯಿಯ ಲಸಿಕೆ ಪುಸ್ತಕವನ್ನೂ ಆಸ್ಪತ್ರೆಗೆ ತಗೊಂಡು ಹೋಗಿ.

ಗಾಯವಾದ ಕೂಡಲೇ ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ, ಸೋಪು ಹಚ್ಚಿ ತೊಳೆಯಿರಿ. 15 ನಿಮಿಷ, ಗಡಿಯಾರ ನೋಡಿಕೊಂಡು. ಮಗು ಅಳುತ್ತದೆ, ನಿಮಗೆ ಎರಡು ನಿಮಿಷವೇ ಹದಿನೈದು ಅನಿಸುತ್ತದೆ. ಆದರೂ ನಿಲ್ಲಿಸಬೇಡಿ. ವೈರಸ್ ಇರುವುದು ಜೊಲ್ಲಿನಲ್ಲಿ, ಅದನ್ನು ಅಲ್ಲೇ ತೊಳೆದು ಹಾಕುವುದು ಅರ್ಧ ಚಿಕಿತ್ಸೆ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದೂ ಬೇಡ. ಗಾಯ ಕೆರಳುತ್ತದೆ, ವೈರಸ್ ಒಳಗೆ ಇಳಿಯಲು ದಾರಿಯಾಗುತ್ತದೆ. ಅತ್ತೆಯವರನ್ನು ಬೈಯಬೇಡಿ, ಅವರ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಮುಂದಿನ ಸಲಕ್ಕೆ ಹೇಳಿಡಿ, ಅಷ್ಟೇ.

ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಡವಾಗಿದ್ದರೆ ತಡವಾಗಿಯಾದರೂ ಹೋಗಬೇಕು, 'ಹೇಗೂ ಮೂರು ದಿನ ಆಯ್ತಲ್ಲ' ಅಂತ ಬಿಡಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಭಯ ಇನ್ನೂ ಕೆಲವರಿಗಿದೆ. ಆ ಲಸಿಕೆ ನಿಂತು ಇಪ್ಪತ್ತು ವರ್ಷ ಆಯಿತು. ಈಗ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ನಾಲ್ಕು ಸಲ ಹೋಗಬೇಕು: ಮೊದಲ ದಿನವನ್ನು 0 ಅಂತ ಹಿಡಿದರೆ 0, 3, 7 ಮತ್ತು 28ನೇ ದಿನ. 28ರದ್ದನ್ನು ಜನ ಮರೆಯುತ್ತಾರೆ, ರಜೆ ಮುಗಿದು ಮಗು ಊರಿಗೆ ಹೋಗಿರುತ್ತದೆ. ಚೀಟಿಯನ್ನು ಮಗುವಿನ ಅಪ್ಪ-ಅಮ್ಮನ ಕೈಗೇ ಕೊಟ್ಟು, ಮೊಬೈಲ್‌ನಲ್ಲಿ ಅಲಾರಂ ಇಡಿಸಿ.

ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ. ಮುಖದ ಗಾಯಕ್ಕಂತೂ ಒಂದು ಗಂಟೆಯೂ ತಡ ಬೇಡ. ವೈರಸ್ ನರದ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ, ಮುಖದಿಂದ ಆ ದಾರಿ ಗಿಡ್ಡ. ಮಂಡಿ ತರಚಿದ್ದ ಮಗುವಿನ ಗಾಯವನ್ನು ನಾಯಿ ನೆಕ್ಕಿದರೂ ಆಸ್ಪತ್ರೆಗೆ ತೋರಿಸಬೇಕು. ರಜೆಯಲ್ಲಿ ಯಾವ ಮಗುವಿನ ಮಂಡಿ ತರಚಿರುವುದಿಲ್ಲ ಹೇಳಿ. ಮರಿ ನಾಯಿ ಕಚ್ಚಿದರೂ ಇದೇ ನಿಯಮ.

ನಾಯಿಯನ್ನು ಹೊಡೆದು ಓಡಿಸಬೇಡಿ. ಕಟ್ಟಿಹಾಕಿ, ಅನ್ನ-ನೀರು ಕೊಟ್ಟು 10 ದಿನ ಗಮನಿಸಿ. ಹತ್ತು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ತಿಳಿಯುತ್ತದೆ. ಅದನ್ನು ನೋಡಿ ಉಳಿದ ಡೋಸಿನ ವಿಷಯ ವೈದ್ಯರು ಹೇಳುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಅಂತ ಯಾವತ್ತೂ ಕಾಯಬೇಡಿ.

ಇನ್ನೊಂದು. ಮಕ್ಕಳು ನಾಯಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. 'ನೀನೇ ಕೆಣಕಿರ್ತೀಯ' ಅಂತ ಬೈಸಿಕೊಳ್ಳುವ ಭಯ, ನಾಯಿಯನ್ನು ಎಲ್ಲಿ ಬಿಟ್ಟುಬರುತ್ತಾರೋ ಅನ್ನುವ ಭಯ. 'ಏನಾದರೂ ಹೇಳು, ಬೈಯಲ್ಲ, ನಾಯಿಗೂ ಏನೂ ಮಾಡಲ್ಲ' ಅಂತ ಮೊದಲ ದಿನವೇ ಮಾತು ಕೊಡಿ. ಆಮೇಲೆ ಆ ಮಾತು ಉಳಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ. ಗೆಳತಿಯ ಫ್ಲ್ಯಾಟಿಗೆ ಹೋದರೆ ಅವರ ನಾಯಿ ಸೋಫಾ ಮೇಲೆಯೇ ಇರುತ್ತದೆ. ನನಗೆ ಜೀವ ಹೋಗುತ್ತದೆ. ಹೇಳಿದರೆ 'ಇವನು ತುಂಬ ಫ್ರೆಂಡ್ಲಿ, ಮಕ್ಕಳು ಅಂದ್ರೆ ಪ್ರಾಣ' ಅನ್ನುತ್ತಾರೆ. ಮತ್ತೆ ಹೇಳಿದರೆ ಬೇಜಾರಾಗುತ್ತಾರೆ ಅನಿಸುತ್ತದೆ. ಹೇಗೆ ಹೇಳುವುದು? (ಬೆಂಗಳೂರು)

ಉತ್ತರ: ಮನೆಯೊಳಗೆ ಹೋದ ಮೇಲೆ ಹೇಳಬೇಡಿ, ಹೊರಡುವ ಮೊದಲೇ ಫೋನಿನಲ್ಲಿ ಹೇಳಿ. ಬಾಗಿಲಲ್ಲಿ ನಿಂತು ಹೇಳಿದರೆ ಅದು ನಾಯಿಯ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ. ಮಾತನ್ನು ಮಗನ ಮೇಲೆ ಹಾಕಿ: 'ನಮ್ಮವನಿಗೆ ಈಗ ಸಿಕ್ಕಿದ್ದನ್ನೆಲ್ಲ ಎಳೆಯೋ ವಯಸ್ಸು. ನಿಮ್ಮ ನಾಯೀನ ನೋಯಿಸಿಬಿಡ್ತಾನೆ ಅಂತ ಭಯ. ನಾವಿರೋ ಒಂದು ಗಂಟೆ ಅದನ್ನ ರೂಮಲ್ಲಿ ಬಿಡ್ತೀಯಾ?' ಇದು ಸುಳ್ಳಲ್ಲ. ಎರಡು ವರ್ಷದ ಮಗು ನಾಯಿಗೆ ನಿಜವಾಗಿಯೂ ಕಷ್ಟವೇ.

ಅವರು ಒಪ್ಪದಿದ್ದರೆ ಮಗುವನ್ನು ಅವರ ಮನೆಗೆ ಕರೆದೊಯ್ಯಬೇಡಿ. ಪಾರ್ಕಿನಲ್ಲಿ ಸಿಗಿ, ನಿಮ್ಮ ಮನೆಗೆ ಕರೆಯಿರಿ. ಹೋಗಲೇಬೇಕಾಗಿ ಬಂದರೆ ಮಗ ನಿಮ್ಮ ಮಡಿಲಿನಲ್ಲಿರಲಿ, ಕೈಯಲ್ಲಿ ಬಿಸ್ಕತ್ತು ಬೇಡ. ಎರಡು ವರ್ಷದ ಕೈಯಲ್ಲಿರುವ ಬಿಸ್ಕತ್ತು ನಾಯಿಯ ಮೂಗಿನ ಮಟ್ಟಕ್ಕೇ ಇರುತ್ತದೆ. ನಾಯಿ ಇರುವ ಸೋಫಾದಲ್ಲಿ ಕೂರಬೇಡಿ, ಕುರ್ಚಿ ಕೇಳಿ.

ನಾಯಿ ಸಾಕಿದ ಓದುಗರಿಗೂ ಇಲ್ಲೇ ಒಂದು ಮಾತು. ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ತಾಯಿ ಬಾಯಿಬಿಟ್ಟು ಕೇಳುವ ತನಕ ಕಾಯಬೇಡಿ. ಕಾಲಿಂಗ್ ಬೆಲ್ ಆದ ಕೂಡಲೇ ನಾಯಿಯನ್ನು ಒಳಗೆ ಹಾಕಿ ಆಮೇಲೆ ಬಾಗಿಲು ತೆರೆಯಿರಿ. 'ಒಳಗಿದೆ, ಚಿಲಕ ಹಾಕಿದೀನಿ, ಬನ್ನಿ' ಅನ್ನಿ. ಆ ತಾಯಿ ಮಗುವನ್ನು ಕೆಳಗಿಳಿಸುವುದನ್ನು ನೋಡಿ.